ಜೋಡಿ ವಿಲ್ಸನ್-ರೇಬೋಲ್ಡ್: ಕುರ್ಚಿ ಕೊಟ್ಟವರಿಗೇ "ಆಗಲ್ಲ" ಅಂದ ಮಂತ್ರಿ



ಕೆನಡಾ ಪಾರ್ಲಿಮೆಂಟು ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು 2022ರ ಒಂದು ವಿಡಿಯೋ. ನಮ್ಮ ತುಮಕೂರು ಜಿಲ್ಲೆ ಶಿರಾ ತಾಲ್ಲೂಕು ಮೂಲದ ಚಂದ್ರ ಆರ್ಯ ಅಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದ್ರು. ಎಲ್ಲರೂ ಶೇರ್ ಮಾಡಿದ್ವಿ. ಒಳ್ಳೇದೇ. ಆದರೆ ಅದೇ ಪಾರ್ಲಿಮೆಂಟಿನಲ್ಲಿ, ಅದಕ್ಕೂ ಮೂರು ವರ್ಷ ಮೊದಲು, ಒಬ್ಬ ಮೂಲನಿವಾಸಿ ಹೆಣ್ಣುಮಗಳು ಆಡಿದ ಮಾತು ನಮ್ಮ ವಾಟ್ಸಾಪಿಗೆ ಬರಲಿಲ್ಲ. ನಮಗೆ ಹೆಚ್ಚು ಬೇಕಾಗಿದ್ದದ್ದು ಆ ಮಾತು. ಅವರ ಹೆಸರು ಜೋಡಿ ವಿಲ್ಸನ್-ರೇಬೋಲ್ಡ್. ಕೆನಡಾದ ಕಾನೂನು ಮಂತ್ರಿಯಾದ ಮೊದಲ ಮೂಲನಿವಾಸಿ.

ದಲಿತ ಸಿಎಂ ಯಾವಾಗ, ನಮ್ಮವರಿಗೆ ಯಾವ ಖಾತೆ ಅನ್ನೋ ಚರ್ಚೆ ನಮ್ಮ ಗುಂಪುಗಳಲ್ಲಿ ಮುಗಿಯೋದೇ ಇಲ್ಲ. ಕುರ್ಚಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುರ್ಚಿ ಸಿಕ್ಕ ಮೇಲೆ ನಮ್ಮವರಿಂದ ಏನು ಕೇಳ್ತಾರೆ? ಆಗ ನಮ್ಮವರು ಏನು ಮಾಡಬೇಕು? ಈ ಪ್ರಶ್ನೆ ಇಟ್ಟುಕೊಂಡು ಈ ಹೆಣ್ಣುಮಗಳ ರಾಜಕೀಯ ಜೀವನ ನೋಡೋಣ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಮೊದಲು ಹಿನ್ನೆಲೆ. ಕೆನಡಾದಲ್ಲಿ 1876ರಿಂದ "ಇಂಡಿಯನ್ ಆಕ್ಟ್" ಅಂತ ಒಂದು ಕಾನೂನಿದೆ. ಅಲ್ಲಿನ ಮೂಲನಿವಾಸಿಗಳು ಎಲ್ಲಿರಬೇಕು, ಅವರಲ್ಲಿ ಯಾರನ್ನು "ಇಂಡಿಯನ್" ಅಂತ ಲೆಕ್ಕಕ್ಕೆ ತಗೋಬೇಕು, ಅವರ ಜಮೀನು ಯಾರ ಕೈಯಲ್ಲಿರಬೇಕು, ಎಲ್ಲವನ್ನೂ ಸರ್ಕಾರವೇ ತೀರ್ಮಾನ ಮಾಡೋ ಕಾನೂನು. ತಿದ್ದುಪಡಿಗಳ ಸಮೇತ ಇವತ್ತಿಗೂ ಜಾರಿಯಲ್ಲಿದೆ. ಜೋಡಿ ಹುಟ್ಟಿದ್ದು ಪಶ್ಚಿಮ ಕರಾವಳಿಯ ಕ್ವಾಕ್ವಕಾವಕ್ ಜನರಲ್ಲಿ. ಇವರ ಬದುಕಿನ ನಡುಗಂಬ ಪಾಟ್‌ಲ್ಯಾಚ್ ಅನ್ನೋ ಕೂಟ. ಮದುವೆ, ನಾಮಕರಣ, ಸಾವು, ನಾಯಕತ್ವ, ಎಲ್ಲಾ ಆ ದೊಡ್ಡಮನೆಯಲ್ಲೇ, ಊರೆಲ್ಲಾ ಸಾಕ್ಷಿಯಾಗಿ ಕೂತಾಗಲೇ ತೀರ್ಮಾನ. ಅಲ್ಲಿ ಕೂಡಿಟ್ಟವನು ದೊಡ್ಡವನಲ್ಲ, ಹಂಚಿದವನು ದೊಡ್ಡವನು.

ಸರ್ಕಾರ ಅದನ್ನೇ ಅಪರಾಧ ಮಾಡಿತು. 1885ರಿಂದ 1951ರವರೆಗೆ ಪಾಟ್‌ಲ್ಯಾಚ್ ನಿಷೇಧ. 1921ರಲ್ಲಿ ವಿಲೇಜ್ ಐಲ್ಯಾಂಡ್‌ನಲ್ಲಿ ಗುಟ್ಟಾಗಿ ನಡೆದ ಒಂದು ಪಾಟ್‌ಲ್ಯಾಚ್ ಮೇಲೆ ಪೊಲೀಸರು ಬಿದ್ದು 45 ಜನರ ಮೇಲೆ ಕೇಸು ಹಾಕಿದರು. ಮಾಡಿದ ತಪ್ಪೇನು? ಕುಣಿದದ್ದು, ಭಾಷಣ ಮಾಡಿದ್ದು, ಉಡುಗೊರೆ ಹಂಚಿದ್ದು! ಮುಖವಾಡಗಳನ್ನೆಲ್ಲ ಕಿತ್ಕೊಂಡು ಮ್ಯೂಸಿಯಂಗಳಿಗೆ ಸಾಗಿಸಿದರು. ಅದರಲ್ಲಿ ಒಂದಷ್ಟು ಜೋಡಿಯವರ ಸಮುದಾಯದ ಊರಾದ ಕೇಪ್ ಮಡ್ಜ್‌ಗೆ ವಾಪಸ್ ಬರೋಕೆ 1979 ಆಗಬೇಕಾಯ್ತು.

ಇನ್ನೊಂದು ವಿಷಯ ಗಮನಿಸಿ. 1927ರಿಂದ 1951ರವರೆಗೆ, ಕಳಕೊಂಡ ಜಮೀನಿಗಾಗಿ ಕೇಸು ನಡೆಸೋಕೆ ಸರ್ಕಾರದ ಅನುಮತಿ ಇಲ್ಲದೆ ಚಂದಾ ಎತ್ತೋದು ಅಪರಾಧ. ಅಂದರೆ ವಕೀಲರನ್ನ ಇಟ್ಟುಕೊಳ್ಳೋ ದಾರಿಯನ್ನೇ ಮುಚ್ಚಿದ್ದರು. ಇಂಡಿಯನ್ ಅನ್ನೋ ಕಾನೂನುಬದ್ಧ ಸ್ಥಾನಮಾನ ಬಿಡದೆ ಮೂಲನಿವಾಸಿಗಳೆಲ್ಲ ರಾಷ್ಟ್ರದ ಚುನಾವಣೆಯಲ್ಲಿ ವೋಟು ಹಾಕೋ ಹಾಗಾಗಿದ್ದು 1960ರಲ್ಲಿ. ಅವರ ಕಥೆ, ನಮ್ಮ ಕಥೆ ಒಂದೇ ಅಂತ ನಾನು ಹೇಳ್ತಿಲ್ಲ. ಅವರದು ಇದ್ದ ನೆಲ ಕಳಕೊಂಡವರ ಕಥೆ, ನಮ್ಮದು ನೆಲ ಮುಟ್ಟೋಕೇ ಬಿಡದವರ ಕಥೆ. ಆದರೆ ಕಾನೂನು ಅನ್ನೋದು ಯಾರ ಕೈಯಲ್ಲಿ ಏನಾಗುತ್ತೆ ಅಂತ ಇಬ್ಬರಿಗೂ ಗೊತ್ತು.

ಜೋಡಿಯವರ ಅಪ್ಪ ಬಿಲ್ ವಿಲ್ಸನ್. ವಂಶಪಾರಂಪರ್ಯ ಮುಖಂಡ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಮುಗಿಸಿದ ಎರಡನೇ ಮೂಲನಿವಾಸಿ. 1983ರಲ್ಲಿ ಮೂಲನಿವಾಸಿಗಳ ಹಕ್ಕು ಸಂವಿಧಾನದಲ್ಲಿ ಹೇಗಿರಬೇಕು ಅಂತ ಪ್ರಧಾನಿ ಪಿಯರ್ ಟ್ರುಡೊ ಎದುರು ಸಭೆ ನಡೀತಿತ್ತು. ಬಿಲ್ ಎದ್ದು ಹೇಳಿದರು: ನನಗಿಬ್ಬರು ಮಕ್ಕಳು, ಇಬ್ಬರಿಗೂ ಲಾಯರ್ ಆಗಬೇಕಂತೆ, ಪ್ರಧಾನಿ ಆಗಬೇಕಂತೆ. ಸಭೆಯೆಲ್ಲಾ ನಗು. ಆಮೇಲೆ ಸೇರಿಸಿದರು: ಇಬ್ಬರೂ ಹೆಣ್ಣುಮಕ್ಕಳು. ಅವರು ಸಿದ್ಧ ಆಗೋವರೆಗೂ ನಾನೇ ಇಲ್ಲಿರ್ತೀನಿ ಅಂತ ಟ್ರುಡೊ ಕೂಡ ನಗೆಯಾಡಿದರು. 32 ವರ್ಷ ಆದ ಮೇಲೆ ಆ ಇಬ್ಬರಲ್ಲಿ ಕಿರಿಯವರು ಲಾಯರಾಗಿ, ಅದೇ ಟ್ರುಡೊ ಮಗನ ಸಂಪುಟದಲ್ಲಿ ಕಾನೂನು ಮಂತ್ರಿ.

ಇದೇನು ಅದೃಷ್ಟದ ಲಾಟರಿ ಅಲ್ಲ. ವ್ಯಾಂಕೂವರ್‌ನ ಅತ್ಯಂತ ಬಡ ಪ್ರದೇಶವಾದ ಡೌನ್‌ಟೌನ್ ಈಸ್ಟ್‌ಸೈಡ್‌ನ ಕೋರ್ಟಿನಲ್ಲಿ ಸರ್ಕಾರಿ ವಕೀಲರಾಗಿದ್ದರು. ಮೂಲನಿವಾಸಿಗಳ ಒಪ್ಪಂದಗಳ ಆಯೋಗದಲ್ಲಿ ಆಯುಕ್ತರಾಗಿದ್ದರು. 2009ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿ ಮುಖಂಡರು ಅವರನ್ನ ಪ್ರಾದೇಶಿಕ ಮುಖ್ಯಸ್ಥೆಯಾಗಿ ಆರಿಸಿದರು, 2012ರಲ್ಲಿ ಮತ್ತೆ ಆರಿಸಿದರು. ಅಂದರೆ ಟ್ರುಡೊ ಕರೆಯೋಕೆ ಮುಂಚೆನೇ ಅವರನ್ನ ಅವರ ಜನ ಕರೆದಿದ್ದರು. ಚಿಕ್ಕಂದಿನಲ್ಲಿ ಪಾಟ್‌ಲ್ಯಾಚ್‌ನಲ್ಲಿ ಅಜ್ಜಿ ಇಟ್ಟ ಹೆಸರು ಪುಗ್ಲಾಸ್. ಗೌರವಸ್ಥ ಜನರಲ್ಲಿ ಹುಟ್ಟಿದ ಹೆಣ್ಣು ಅಂತ ಅರ್ಥ. ಈ ಬೇರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮಂತ್ರಿಯಾಗಿ ಮಾಡಿದ ಕೆಲಸ ಕಮ್ಮಿಯಲ್ಲ. ಗುಣವಾಗದ ಕಾಯಿಲೆಯವರಿಗೆ ವೈದ್ಯರ ನೆರವಿನ ಸಾವಿನ ಕಾನೂನು, ಲಿಂಗತ್ವ ಅಲ್ಪಸಂಖ್ಯಾತರಿಗೆ ರಕ್ಷಣೆ ಕೊಡುವ ತಿದ್ದುಪಡಿ. ನನಗೆ ಮುಖ್ಯ ಅನಿಸೋದು ಜ್ಯೂರಿ ವಿಷಯ. 2016ರಲ್ಲಿ ಕೋಲ್ಟನ್ ಬುಶಿ ಅನ್ನೋ 22 ವರ್ಷದ ಮೂಲನಿವಾಸಿ ಹುಡುಗ ಬಿಳಿಯ ರೈತನೊಬ್ಬನ ಜಮೀನಿನಲ್ಲಿ ಗುಂಡೇಟಿಗೆ ಸತ್ತ. ಕೇಸಿನಲ್ಲಿ, ಮೂಲನಿವಾಸಿಗಳ ಹಾಗೆ ಕಂಡ ಜ್ಯೂರಿ ಸದಸ್ಯರನ್ನ ಆರೋಪಿ ಪರ ವಕೀಲರು ಕಾರಣ ಕೊಡದೆ ಕೈಬಿಟ್ಟರು. ಹಾಗೆ ಮಾಡೋಕೆ ಆಗ ಕಾನೂನಿನಲ್ಲೇ ಅವಕಾಶ ಇತ್ತು. 2018ರ ಫೆಬ್ರವರಿಯಲ್ಲಿ ಆರೋಪಿ ಖುಲಾಸೆ. ಕಂಬಾಲಪಲ್ಲಿಯಲ್ಲಿ ಏಳು ಜನರನ್ನ ಸುಟ್ಟ ಕೇಸಿನಲ್ಲಿ ಆರೋಪಿಗಳು ಖುಲಾಸೆಯಾದದ್ದನ್ನ ನೋಡಿದ ನಮಗೆ ಆ ದಿನದ ಮೌನ ಎಂಥದ್ದು ಅಂತ ಯಾರೂ ವಿವರಿಸಬೇಕಿಲ್ಲ. ಮುಂದಿನ ತಿಂಗಳೇ, ಹಾಗೆ ಕಾರಣ ಕೊಡದೆ ಕೈಬಿಡುವ ಅವಕಾಶ ರದ್ದು ಮಾಡುವ ಮಸೂದೆಯನ್ನ ಜೋಡಿ ಮಂಡಿಸಿದರು. 2019ರಲ್ಲಿ ಅದು ಕಾನೂನಾಯ್ತು.

ಹಾಗಂತ ಪೂಜೆ ಮಾಡೋದು ಬೇಡ. ಮೂಲನಿವಾಸಿಗಳ ಹಕ್ಕುಗಳ ವಿಶ್ವಸಂಸ್ಥೆ ಘೋಷಣೆಯನ್ನ ನೇರವಾಗಿ ಕೆನಡಾದ ಕಾನೂನಾಗಿ ಮಾಡೋದು ಕಾರ್ಯಸಾಧ್ಯ ಅಲ್ಲ ಅಂತ 2016ರಲ್ಲಿ ಮೂಲನಿವಾಸಿ ಮುಖಂಡರ ಸಭೆಯಲ್ಲೇ ಹೇಳಿದ್ದು ಇದೇ ಜೋಡಿ. ಟ್ರಾನ್ಸ್ ಮೌಂಟನ್ ಪೈಪ್‌ಲೈನಿಗೆ ಒಪ್ಪಿಗೆ ಕೊಟ್ಟ ಸಂಪುಟದಲ್ಲೂ ಇದ್ದರು. ಸೈಟ್ ಸಿ ಅಣೆಕಟ್ಟನ್ನ ಹಿಂದೆ ವಿರೋಧಿಸಿದ್ದವರು, ಅವರ ಸರ್ಕಾರ ಅದಕ್ಕೆ ಪರ್ಮಿಟ್ ಕೊಟ್ಟಾಗ ಸಂಪುಟ ಬಿಡಲಿಲ್ಲ. ಅವರ ಜನರೇ ಬೈದರು. ಬೈಯಬೇಕಾದ್ದೇ. ಸಂಪುಟದ ಒಳಗಿದ್ದರೆ ಬಾಯಿಗೆ ಬೀಗ ಬೀಳುತ್ತೆ, ಅದು ಕುರ್ಚಿಯ ಬೆಲೆ. ಪ್ರಶ್ನೆ ಏನು ಅಂದರೆ, ಎಲ್ಲಿಯವರೆಗೆ ಆ ಬೆಲೆ ಕೊಡ್ತೀರಿ?

ಆ ಗೆರೆ ಬಂದಿದ್ದು 2018ರ ಸೆಪ್ಟೆಂಬರಿನಲ್ಲಿ. ಎಸ್‌ಎನ್‌ಸಿ-ಲಾವಲಿನ್ ಅಂತ ಮಾಂಟ್ರಿಯಲ್‌ನ ದೊಡ್ಡ ಕಂಪನಿ. ಕೇರಳದ ರಾಜಕೀಯದಲ್ಲಿ "ಲಾವಲಿನ್ ಕೇಸ್" ಅಂತ ಕೇಳಿರ್ತೀರಿ, ಅದೇ ಕಂಪನಿ. ಲಿಬಿಯಾದ ಅಧಿಕಾರಿಗಳಿಗೆ ಸುಮಾರು 4.8 ಕೋಟಿ ಕೆನಡಾ ಡಾಲರ್ ಲಂಚ ಕೊಟ್ಟ ಆರೋಪ ಅದರ ಮೇಲಿತ್ತು. ಇಂಥ ಕಂಪನಿಗಳು ದಂಡ ಕಟ್ಟಿ, ಷರತ್ತು ಒಪ್ಪಿ ವಿಚಾರಣೆಯಿಂದ ಪಾರಾಗೋ ದಾರಿಯೊಂದನ್ನ ಸರ್ಕಾರ ಅದೇ ವರ್ಷ ಬಜೆಟ್ ಮಸೂದೆ ಒಳಗೆ ಸೇರಿಸಿ ಪಾಸು ಮಾಡಿತ್ತು. ಆದರೆ ಪ್ರಾಸಿಕ್ಯೂಷನ್ ನಿರ್ದೇಶಕಿ ಈ ಕಂಪನಿಗೆ ಆ ದಾರಿ ಇಲ್ಲ ಅಂದರು. ಅವರ ತೀರ್ಮಾನ ಬದಲಿಸೋ ಅಧಿಕಾರ ಇದ್ದದ್ದು ಒಬ್ಬರಿಗೇ, ಅಟಾರ್ನಿ ಜನರಲ್ ಕೂಡ ಆಗಿದ್ದ ಜೋಡಿಗೆ.

ಶುರುವಾಯ್ತು ನೋಡಿ. ಪ್ರಧಾನಿ ಕರೆದರು. ಕೆಲಸ ಹೋಗುತ್ತೆ, ಕ್ವಿಬೆಕ್‌ನಲ್ಲಿ ಚುನಾವಣೆ ಇದೆ, ನಾನೂ ಕ್ವಿಬೆಕ್‌ನ ಸಂಸದ ಅಂದರು. ಹಣಕಾಸು ಮಂತ್ರಿ ಕಚೇರಿ, ಪ್ರಧಾನಿ ಕಚೇರಿ, ಸಂಪುಟದ ಮುಖ್ಯ ಅಧಿಕಾರಿ ಮೈಕೆಲ್ ವೆರ್ನಿಕ್, ಒಬ್ಬರಾದ ಮೇಲೆ ಒಬ್ಬರು. ನಾಲ್ಕು ತಿಂಗಳು, 11 ಜನ. ಆಗಲೇ ಪರಿಶೀಲಿಸಿದ್ದೀನಿ, ಮಧ್ಯೆ ಬರಲ್ಲ ಅಂತ ಜೋಡಿ ಪ್ರತಿ ಸಲವೂ ಹೇಳಿದರು.

2019ರ ಜನವರಿಯಲ್ಲಿ ಖಾತೆ ಬದಲಾವಣೆ. ಇಲ್ಲಿದೆ ನಾವು ಓದಲೇಬೇಕಾದ ಪಾಠ. ಮೊದಲು ಕೊಡೋಕೆ ಬಂದ ಖಾತೆ ಯಾವುದು ಗೊತ್ತಾ? ಮೂಲನಿವಾಸಿಗಳ ಸೇವಾ ಖಾತೆ. "ನಿಮ್ಮವರ" ಖಾತೆ! ಜೋಡಿ ಬೇಡ ಅಂದರು. ಜೀವನವಿಡೀ ವಿರೋಧಿಸಿದ ಇಂಡಿಯನ್ ಆಕ್ಟನ್ನ ನನ್ನ ಕೈಯಲ್ಲೇ ಜಾರಿ ಮಾಡಿಸ್ತೀರಾ ಅನ್ನೋದು ಅವರ ನಿಲುವು. ಕೊನೆಗೆ ಮಾಜಿ ಸೈನಿಕರ ಖಾತೆಗೆ ಕಳಿಸಿದರು.

ನಮ್ಮಲ್ಲಿ ಸಂಪುಟ ರಚನೆ ಆದಾಗ ಹಣಕಾಸು ಯಾರಿಗೆ, ಕಂದಾಯ ಯಾರಿಗೆ, ಸಮಾಜ ಕಲ್ಯಾಣ ಯಾರಿಗೆ ಅಂತ ಒಂದು ಸಲ ನೆನೆಸಿಕೊಳ್ಳಿ. ಕಲ್ಯಾಣ ಖಾತೆ ಕೀಳು ಅಂತ ನಾನು ಹೇಳ್ತಿಲ್ಲ. ಊರಿಗೆಲ್ಲಾ ಅನ್ವಯಿಸೋ ಅಧಿಕಾರ ನಿಮಗ್ಯಾಕೆ, ನಿಮ್ಮ ಕೇರಿ ನೋಡ್ಕೊಳ್ಳಿ ಅನ್ನೋ ಬುದ್ಧಿ ಇದೆಯಲ್ಲ, ಅದು ಒಟ್ಟಾವಾದಲ್ಲೂ ಒಂದೇ, ಬೆಂಗಳೂರಲ್ಲೂ ಒಂದೇ.

ಫೆಬ್ರವರಿ 7ಕ್ಕೆ ಪತ್ರಿಕೆಯಲ್ಲಿ ಸುದ್ದಿ ಬಂತು. 12ಕ್ಕೆ ರಾಜೀನಾಮೆ. 27ಕ್ಕೆ ಸಂಸದೀಯ ಸಮಿತಿ ಎದುರು ಗಂಟೆಗಟ್ಟಲೆ ಸಾಕ್ಷ್ಯ. ಯಾರು, ಯಾವ ದಿನ, ಏನು ಹೇಳಿದರು, ಎಲ್ಲಾ ಟಿಪ್ಪಣಿ ಸಮೇತ. ನಾನು ಆ ವಿಡಿಯೋ ನೋಡಿದ್ದೀನಿ. ದನಿ ಏರಲ್ಲ, ಕಣ್ಣೀರಿಲ್ಲ. ಕೊನೆಯಲ್ಲಿ ಅವರು ಪಕ್ಷದ ಹೆಸರು ಹೇಳಲ್ಲ. ತಮ್ಮ ಅಜ್ಜಿಯರ ಸಾಲು ಹೇಳ್ತಾರೆ, ದೊಡ್ಡಮನೆಯ ಕಾನೂನಿನ ಪ್ರಕಾರ ನಾನು ಸತ್ಯ ಹೇಳೋಳು ಅಂತಾರೆ. 66 ವರ್ಷ ನಿಷೇಧ ಮಾಡಿದ್ದ ಆ ದೊಡ್ಡಮನೆಯನ್ನ ಪಾರ್ಲಿಮೆಂಟಿನ ಕಡತಕ್ಕೆ ಸೇರಿಸಿಬಿಟ್ಟರು.

ಆಮೇಲೆ ಎಲ್ಲಾ ಕಡೆ ಆಗೋದೇ ಅಲ್ಲೂ ಆಯ್ತು. ಅವಳು ಹೊಂದಿಕೊಳ್ಳೋಳಲ್ಲ, ಸ್ವಾರ್ಥಿ ಅಂತ ಹೆಸರು ಹೇಳದ ಪಕ್ಷದವರು ಪತ್ರಿಕೆಗಳಿಗೆ ಪಿಸುಗುಟ್ಟಿದರು. ವೆರ್ನಿಕ್ ಜೊತೆಗಿನ 17 ನಿಮಿಷದ ಫೋನ್ ರೆಕಾರ್ಡಿಂಗ್ ಅವರು ಬಿಡುಗಡೆ ಮಾಡಿದಾಗ, ಗುಟ್ಟಾಗಿ ರೆಕಾರ್ಡ್ ಮಾಡಿದ್ದು ನೀತಿನಾ ಅಂತ ಕೂಗಿದರು. ಒತ್ತಡ ಹಾಕಿದ್ದು ನೀತಿ, ರೆಕಾರ್ಡ್ ಮಾಡಿದ್ದು ಅನೀತಿ! ನಮ್ಮ ಮಾತಿಗೆ ಯಾವಾಗಲೂ ಸಾಕ್ಷಿ ಕೇಳೋರು, ಸಾಕ್ಷಿ ತಂದರೆ ಅದನ್ನ ಯಾಕಿಟ್ಟುಕೊಂಡೆ ಅಂತಲೂ ಕೇಳ್ತಾರೆ. ಏಪ್ರಿಲ್ 2ಕ್ಕೆ ಜೋಡಿಯನ್ನೂ, ಅವರ ಪರ ನಿಂತು ರಾಜೀನಾಮೆ ಕೊಟ್ಟಿದ್ದ ಮಂತ್ರಿ ಜೇನ್ ಫಿಲ್ಪಾಟ್ ಅವರನ್ನೂ ಸಂಸದೀಯ ಪಕ್ಷದಿಂದ ಹೊರಗೆ ಹಾಕಿದರು.

ಆದರೆ ಆಗಸ್ಟಿನಲ್ಲಿ ಪಾರ್ಲಿಮೆಂಟಿನ ನೈತಿಕ ಆಯುಕ್ತರು ಟ್ರುಡೊ ಹಿತಾಸಕ್ತಿ ಸಂಘರ್ಷ ಕಾನೂನು ಮುರಿದಿದ್ದಾರೆ ಅಂತ ವರದಿ ಕೊಟ್ಟರು. ಕೆಲಸ ಉಳಿಸೋಕೆ ಮಾಡಿದ್ದು ಅಂತ ಟ್ರುಡೊ ಸಮರ್ಥಿಸಿಕೊಂಡರು. ಡಿಸೆಂಬರಿನಲ್ಲಿ ಕಂಪನಿಯ ನಿರ್ಮಾಣ ವಿಭಾಗ ವಂಚನೆಯ ತಪ್ಪು ಒಪ್ಪಿಕೊಂಡು 28 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಈ ಎರಡರ ನಡುವೆ, ಅಕ್ಟೋಬರಿನಲ್ಲಿ, ವ್ಯಾಂಕೂವರ್ ಗ್ರಾನ್‌ವಿಲ್ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತ ಜೋಡಿ ಗೆದ್ದರು. ಇಡೀ ದೇಶದಲ್ಲಿ ಗೆದ್ದ ಒಬ್ಬರೇ ಪಕ್ಷೇತರ.

ಬಾಬಾಸಾಹೇಬರು ನೆನಪಾಗದೆ ಇರ್ತಾರಾ? ಕಾನೂನು ಖಾತೆ ಜೊತೆ ಯೋಜನಾ ಖಾತೆಯನ್ನೂ ಕೊಡ್ತೀವಿ ಅಂತ ಮಾತು ಕೊಟ್ಟು ಕೊಡಲಿಲ್ಲ. ಹಿಂದೂ ಕೋಡ್ ಬಿಲ್ ಕೈಬಿಟ್ಟರು. 1951ರ ಸೆಪ್ಟೆಂಬರಿನಲ್ಲಿ ರಾಜೀನಾಮೆ. ಸದನದಲ್ಲಿ ಕಾರಣ ಹೇಳೋಕೆ ಹೋದರೆ ಮೊದಲು ಪ್ರತಿ ಕೊಡಿ ಅಂದರು. ಬಾಬಾಸಾಹೇಬರು ಹೊರಗೆ ನಡೆದು ಪತ್ರಿಕೆಗಳಿಗೆ ಕೊಟ್ಟರು. ಪಾಟ್‌ಲ್ಯಾಚ್ ನಿಷೇಧ ಎದ್ದದ್ದೂ ಅದೇ 1951ರಲ್ಲಿ. ಬಾಬಾಸಾಹೇಬರು 1952ರ ಚುನಾವಣೆ ಸೋತರು, ಜೋಡಿ 2019ರಲ್ಲಿ ಗೆದ್ದರು. ಸೋಲು ಗೆಲುವು ಬೇರೆ ಬೇರೆ, ನಡೆ ಒಂದೇ: ಕಡತ ಸಮೇತ ಕಾರಣ ಜನರ ಮುಂದಿಟ್ಟು ಹೊರಗೆ ಬರೋದು.

ಒಂದು ಕಹಿಯನ್ನೂ ಹೇಳ್ತೀನಿ. 2021ರಲ್ಲಿ ಜೋಡಿ ಮತ್ತೆ ನಿಲ್ಲಲಿಲ್ಲ. ಒಂಟಿ ಸಂಸದೆ ಎಷ್ಟು ಅಂತ ಎಳೆದಾಡೋಕೆ ಆಗುತ್ತೆ? ಒಬ್ಬರ ಧೈರ್ಯದಿಂದ ಒಂದು ತಪ್ಪು ನಿಲ್ಲುತ್ತೆ, ವ್ಯವಸ್ಥೆ ಬದಲಾಗಲ್ಲ. ಅದಕ್ಕೆ ಸಂಘಟನೆ ಬೇಕು.

ಹಾಗಾಗಿ ನಮ್ಮ ಮೀಸಲು ಕ್ಷೇತ್ರದ ಶಾಸಕರು, ಮಂತ್ರಿಗಳು ಸಿಕ್ಕಾಗ ಹಾರ ಹಾಕೋದರ ಜೊತೆಗೆ ಮೂರು ಪ್ರಶ್ನೆ ಕೇಳಿ. ನಿಮ್ಮನ್ನ ಮೊದಲು ಕರೆದದ್ದು ಯಾರು, ಹೈಕಮಾಂಡಾ ನಮ್ಮ ಜನರಾ? ನೀವು ದಾಟದ ಗೆರೆ ಯಾವುದು? ಆ ಗೆರೆ ಬಂದ ದಿನ ನಮಗೆ ಹೇಳ್ತೀರಾ? ಅವರು ಹೇಳಿದರೆ, ಅವರ ಹಿಂದೆ ನಿಲ್ಲೋ ಹೊಣೆ ನಮ್ಮದು. ಅವತ್ತು ನಾವು ಮನೆಯಲ್ಲಿ ಕೂತಿದ್ದರೆ, ಮುಂದಿನವರು ಯಾರೂ "ಆಗಲ್ಲ" ಅನ್ನಲ್ಲ.

ಜೈಭೀಮ್.