ಕಾರಿನ ತಂಪುಪೆಟ್ಟಿಗೆ

ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ ಪುಟ್ಟ ಕೂಲರ್‌ನ ಮೂಲ 1834ರಷ್ಟು ಹಳೆಯದು. ಆ ವರ್ಷ ಫ್ರಾನ್ಸಿನ ಝಾನ್ ಪೆಲ್ಟಿಯೆ, ಎರಡು ಬೇರೆ ಲೋಹಗಳ ಬೆಸುಗೆಯಲ್ಲಿ ವಿದ್ಯುತ್ ಹರಿದಾಗ ಅಲ್ಲಿನ ತಾಪ ಬದಲಾಗುವುದನ್ನು ಕಂಡರು. 1838ರಲ್ಲಿ ರಷ್ಯಾದ ಎಮಿಲ್ ಲೆಂಝ್ ಬಿಸ್ಮತ್ ಮತ್ತು ಆಂಟಿಮನಿ ಕೂಡುವ ಜಾಗದಲ್ಲಿ ಒಂದು ಹನಿ ನೀರನ್ನು ಹೆಪ್ಪುಗಟ್ಟಿಸಿ, ವಿದ್ಯುತ್ತಿನ ದಿಕ್ಕು ತಿರುಗಿಸಿ ಅದನ್ನೇ ಕರಗಿಸಿದರು. ಇಂದು ಒಂದೇ ಪೆಟ್ಟಿಗೆ ತಂಪನ್ನೂ ಬಿಸಿಯನ್ನೂ ಕೊಡುವುದು ಇದರಿಂದಲೇ. ಇಷ್ಟು ಸುಂದರ ಪ್ರಯೋಗ ನೂರು ವರ್ಷಕ್ಕೂ ಮೀರಿ ಪ್ರಯೋಗಾಲಯ ದಾಟಲಿಲ್ಲ. ಲೋಹಗಳು ಶಾಖವನ್ನೂ ಸರಾಗವಾಗಿ ಸಾಗಿಸುವುದರಿಂದ ಸಿಕ್ಕ ತಂಪು ನಿಲ್ಲುತ್ತಿರಲಿಲ್ಲ.

1950ರ ದಶಕದಲ್ಲಿ ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕ ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ಅಲ್ಲಿಯವರೆಗೆ ಕಾರು ಪ್ರಯಾಣಿಕರಿಗೆ ಐಸ್ ತುಂಬಿದ ಪೆಟ್ಟಿಗೆಯೇ ಗತಿ. ಆಮೇಲೆ ಬ್ಯಾಟರಿಯಿಂದ ನಡೆಯುವ ಸಣ್ಣ ಕಂಪ್ರೆಸರ್‌ಗಳೂ ಬಂದವು.

ಆಯ್ಕೆಯ ಪ್ರಶ್ನೆ ಹುಟ್ಟಿದ್ದು ಈ ಎರಡು ದಾರಿಗಳಿಂದ. ಪೆಲ್ಟಿಯೆ ಪೆಟ್ಟಿಗೆ ಹಗುರ, ಅಗ್ಗ. ಆದರೆ ಹೊರಗಿನ ತಾಪಕ್ಕಿಂತ ಸುಮಾರು 20 ಡಿಗ್ರಿಯಷ್ಟೇ ಇಳಿಸಬಲ್ಲದು. 40 ಡಿಗ್ರಿ ಬಿಸಿಲಿನಲ್ಲಿ ಒಳಗೆ 20 ಡಿಗ್ರಿ ಇದ್ದರೆ ನೀರಿಗೆ ಸಾಕು, ಹಾಲಿಗೆ ಸಾಲದು. 2ರಿಂದ 8 ಡಿಗ್ರಿ ಬೇಡುವ ಇನ್ಸುಲಿನ್ ದಾಸ್ತಾನಿಗಂತೂ ಅದನ್ನು ನಂಬಲೇಬಾರದು. ಕಂಪ್ರೆಸರ್ ಪೆಟ್ಟಿಗೆ ಭಾರ, ದುಬಾರಿ, ಆದರೂ ಸೊನ್ನೆಗಿಂತ ಕೆಳಗಿಳಿಯುತ್ತದೆ. ಇಂಥ ಹಲವು ಮಾದರಿಗಳು ಕಾರಿನ ಬ್ಯಾಟರಿ ಸೊರಗುವ ಮುನ್ನ ತಾವೇ ನಿಲ್ಲುತ್ತವೆ.