ಕರ್ನಾಟಕದ ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ ಕ್ಯಾನ್ಸರ್ ತಪಾಸಣೆ ಮತ್ತು ಚಿಕಿತ್ಸೋತ್ತರ ಆರೈಕೆ

ಕ್ಯಾನ್ಸರ್ ತಪಾಸಣೆ ಎಂದರೆ ರೋಗಲಕ್ಷಣಗಳಿಲ್ಲದವರನ್ನು ಸರಳ ವಿಧಾನಗಳಿಂದ ಪರೀಕ್ಷಿಸಿ, ಕ್ಯಾನ್ಸರನ್ನು ಅಥವಾ ಅದಕ್ಕೆ ಮುಂಚಿನ ಬದಲಾವಣೆಗಳನ್ನು ಆರಂಭದ ಹಂತದಲ್ಲಿಯೇ ಗುರುತಿಸುವ ಕ್ರಮವಾಗಿದೆ. ಚಿಕಿತ್ಸೋತ್ತರ ಆರೈಕೆ ಎಂದರೆ ಚಿಕಿತ್ಸೆ ಮುಗಿಸಿ ಊರಿಗೆ ಮರಳಿದವರ ಆರೋಗ್ಯವನ್ನು ಮುಂದಿನ ವರ್ಷಗಳಲ್ಲಿ ನೋಡಿಕೊಳ್ಳುವುದು. ಕರ್ನಾಟಕದಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆಯು ಉಪಕೇಂದ್ರ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆಯಾಗಿದೆ. ರೋಗಿಯ ಹಾದಿ ಆರಂಭವಾಗುವುದೂ ಕೊನೆಗೆ ಮರಳಿ ಸೇರುವುದೂ ಈ ಕೇಂದ್ರಗಳನ್ನೇ ಆದ್ದರಿಂದ, ಇವೆರಡನ್ನೂ ಒಟ್ಟಾಗಿ ನೋಡುವುದು ಅಗತ್ಯ.

ಹಿನ್ನೆಲೆ

ಭಾರತದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನಿಯಂತ್ರಣ ಕಾರ್ಯಕ್ರಮವು 1975ರಲ್ಲಿ ರೂಪುಗೊಂಡಿತು. ಅದಕ್ಕೂ ಮುನ್ನ, 1973ರಲ್ಲಿ, ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸ್ಥಾಪನೆಯಾಗಿತ್ತು. 2010ರಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯುಗಳನ್ನು ಒಟ್ಟುಗೂಡಿಸಿದ ರಾಷ್ಟ್ರೀಯ ಕಾರ್ಯಕ್ರಮವೊಂದು ಜಾರಿಗೆ ಬಂದಿತು. 2016ರಲ್ಲಿ ಕೇಂದ್ರ ಸರ್ಕಾರವು ಮೂರು ಸಾಮಾನ್ಯ ಕ್ಯಾನ್ಸರ್‌ಗಳ ತಪಾಸಣೆಗೆ ಮಾರ್ಗಸೂಚಿಯನ್ನು ಹೊರಡಿಸಿತು. ಅದರಂತೆ 30ರಿಂದ 65 ವರ್ಷದವರೆಗಿನವರಿಗೆ ಐದು ವರ್ಷಗಳಿಗೊಮ್ಮೆ ತಪಾಸಣೆ ನಡೆಯಬೇಕು.

2018ರಿಂದ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾರ್ಪಾಡು ಹೊಂದತೊಡಗಿದವು. 2023ರಲ್ಲಿ ಇವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಬಂದಿತು. ಮನೆಮನೆಗೆ ತೆರಳಿ ತಪಾಸಣೆ ನಡೆಸುವ ಕರ್ನಾಟಕ ಸರ್ಕಾರದ ಗೃಹ ಆರೋಗ್ಯ ಯೋಜನೆಯು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ, ಬಳಿಕ ಇತರ ಜಿಲ್ಲೆಗಳಿಗೆ ವಿಸ್ತರಿಸಿತು.

ಇಷ್ಟಾದರೂ ತಪಾಸಣೆಗೆ ಒಳಗಾದವರ ಪ್ರಮಾಣ ಅತ್ಯಲ್ಪವಾಗಿತ್ತು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 30–49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ, ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 0.9.

ತಪಾಸಣೆಯ ವಿಧಾನ

ಆಶಾ ಕಾರ್ಯಕರ್ತೆಯು ಮನೆಗಳಿಗೆ ಭೇಟಿ ನೀಡಿ, 30 ವರ್ಷ ದಾಟಿದವರ ವಯಸ್ಸು, ತಂಬಾಕು ಮತ್ತು ಮದ್ಯದ ಬಳಕೆ, ಕುಟುಂಬದ ಆರೋಗ್ಯ ಚರಿತ್ರೆ ಹಾಗೂ ಲಕ್ಷಣಗಳನ್ನು ಒಂದು ನಮೂನೆಯಲ್ಲಿ ದಾಖಲಿಸುತ್ತಾಳೆ. ಮುಂದಿನ ಪರೀಕ್ಷೆಗಳನ್ನು ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಅಥವಾ ವೈದ್ಯರು ನಡೆಸುತ್ತಾರೆ.

• ಬಾಯಿ: ಒಳ್ಳೆಯ ಬೆಳಕಿನಲ್ಲಿ ಕೆನ್ನೆಯ ಒಳಭಾಗ, ನಾಲಿಗೆ, ವಸಡುಗಳನ್ನು ನೋಡಲಾಗುತ್ತದೆ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಎಚ್ಚರಿಕೆಯ ಚಿಹ್ನೆಗಳು.

• ಸ್ತನ: ಆರೋಗ್ಯ ಸಿಬ್ಬಂದಿ ಕೈಯಿಂದ ಮುಟ್ಟಿ ಗಂಟು, ಚರ್ಮದ ಸುಕ್ಕು, ತೊಟ್ಟಿನ ಸ್ರಾವ ಇವುಗಳನ್ನು ಪರೀಕ್ಷಿಸುತ್ತಾರೆ. ಆರಂಭದ ಗಂಟಿನಲ್ಲಿ ಸಾಮಾನ್ಯವಾಗಿ ನೋವು ಇರುವುದಿಲ್ಲ. ನೋವಿಲ್ಲವೆಂದು ಕಡೆಗಣಿಸುವುದೇ ವಿಳಂಬಕ್ಕೆ ಒಂದು ಕಾರಣ.

• ಗರ್ಭಕಂಠ: ದುರ್ಬಲ ಅಸಿಟಿಕ್ ಆಮ್ಲವನ್ನು ಸವರಿ ಸುಮಾರು ಒಂದು ನಿಮಿಷದ ಬಳಿಕ ನೋಡಿದಾಗ, ಅಸಹಜ ಭಾಗವು ಬೆಳ್ಳಗೆ ಕಾಣುತ್ತದೆ. ಇದನ್ನು ವಿ.ಐ.ಎ. ಪರೀಕ್ಷೆ ಎನ್ನುತ್ತಾರೆ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಎಚ್.ಪಿ.ವಿ. ವೈರಾಣು ಪರೀಕ್ಷೆಗೆ ಆದ್ಯತೆ ನೀಡುವಂತೆ ಶಿಫಾರಸು ಮಾಡಿತು.

ತಪಾಸಣೆಯಲ್ಲಿ ಸಂಶಯ ಬಂದ ಮಾತ್ರಕ್ಕೆ ಕ್ಯಾನ್ಸರ್ ಇದೆಯೆಂದು ಅರ್ಥವಲ್ಲ. ಬಯಾಪ್ಸಿ ಮೊದಲಾದ ಪರೀಕ್ಷೆಗಳಿಂದಲೇ ಅದು ಖಚಿತವಾಗಬೇಕು.

ಪುರಾವೆಗಳು

ಈ ಸರಳ ವಿಧಾನಗಳ ಬಗ್ಗೆ ಮಹತ್ವದ ಅಧ್ಯಯನಗಳು ಭಾರತದಲ್ಲಿಯೇ ನಡೆದಿವೆ. ತಿರುವನಂತಪುರ ಜಿಲ್ಲೆಯ ಅಧ್ಯಯನದಲ್ಲಿ (2005ರಲ್ಲಿ ಪ್ರಕಟ) ಬಾಯಿ ತಪಾಸಣೆಯಿಂದ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿಯಿತು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ (2007) ವಿ.ಐ.ಎ.ಯಿಂದ ಗರ್ಭಕಂಠ ಕ್ಯಾನ್ಸರಿನ ಸಾವು ಶೇ. 35ರಷ್ಟು, ಮುಂಬಯಿಯಲ್ಲಿ (2014) ಶೇ. 31ರಷ್ಟು ಕಡಿಮೆಯಾಯಿತು. ಮುಂಬಯಿಯಲ್ಲಿ ಪರೀಕ್ಷೆ ನಡೆಸಿದವರು ವೈದ್ಯರಲ್ಲ, ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕಾರ್ಯಕರ್ತೆಯರು. ಆದರೆ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (2009) ಒಂದೇ ಸುತ್ತಿನ ಎಚ್.ಪಿ.ವಿ. ಪರೀಕ್ಷೆಯು ಸಾವುಗಳನ್ನು ಸುಮಾರು ಅರ್ಧಕ್ಕೆ ಇಳಿಸಿದರೆ, ಒಂದೇ ಸುತ್ತಿನ ವಿ.ಐ.ಎ.ಯಿಂದ ಗಮನಾರ್ಹ ಇಳಿಕೆ ಕಂಡುಬರಲಿಲ್ಲ. ಪರೀಕ್ಷಿಸುವವರ ಕೌಶಲ ಮತ್ತು ಪರೀಕ್ಷೆಯ ಪುನರಾವರ್ತನೆ ಎರಡೂ ಮುಖ್ಯವೆಂಬುದನ್ನು ಈ ವ್ಯತ್ಯಾಸ ಸೂಚಿಸುತ್ತದೆ.

ಬಳ್ಳಾರಿ–ವಿಜಯನಗರ ಸೀಮೆಯಲ್ಲಿ

ಗ್ರಾಮೀಣ ರೋಗಿಯ ಹಾದಿಯನ್ನು ಅರಿಯಲು ದರೋಜಿಯ ಸುತ್ತಲಿನ ಪ್ರದೇಶವನ್ನು ಉದಾಹರಣೆಯಾಗಿ ನೋಡಬಹುದು. ಕೆರೆ ಮತ್ತು ಕರಡಿಧಾಮಗಳಿಗೆ ಹೆಸರಾದ ದರೋಜಿಯು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೆ ಸೇರಿದವು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು. ರೋಗಿಯು ಅನುಕೂಲಕ್ಕೆ ತಕ್ಕಂತೆ ಬಳ್ಳಾರಿಗೂ ಹೋಗಬಹುದು, ಹೊಸಪೇಟೆಗೂ ಹೋಗಬಹುದು. ಆದ್ದರಿಂದ ತಪಾಸಣೆಯ ಚೀಟಿ ಮತ್ತು ದಾಖಲೆಗಳು ಅವರೊಂದಿಗೇ ಸಾಗುವುದು ಇಲ್ಲಿ ವಿಶೇಷವಾಗಿ ಮುಖ್ಯ.

ಉಪಕೇಂದ್ರದಲ್ಲಿ ಸಂಶಯ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಬಳಿಕ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆ ಅಥವಾ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಹೀಗೆ ಹಂತಗಳಿವೆ. ಉನ್ನತ ಚಿಕಿತ್ಸೆಗಾಗಿ ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆಗೋ ಸುಮಾರು 300 ಕಿ.ಮೀ. ದೂರದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುವವರಿದ್ದಾರೆ. ಹೊಲದ ಕೂಲಿ ಅಥವಾ ಗಣಿ ಕೆಲಸದಿಂದ ದಿನ ದೂಡುವ ಕುಟುಂಬಕ್ಕೆ ಪ್ರತಿ ಹಂತವೂ ಒಂದು ದಿನದ ಸಂಪಾದನೆಯ ನಷ್ಟ. ನೋವಿಲ್ಲದ ಮಚ್ಚೆಗಾಗಿ ಆ ನಷ್ಟವನ್ನು ಹೊರಲು ಮನಸ್ಸಾಗದೆ ನಡುವೆಯೇ ನಿಲ್ಲಿಸಿದರೆ, ಅದುವರೆಗಿನ ತಪಾಸಣೆ ವ್ಯರ್ಥವಾಗುತ್ತದೆ.

ಖರ್ಚಿನ ಹೊರೆಯನ್ನು ಇಳಿಸುವ ಕೆಲವು ವ್ಯವಸ್ಥೆಗಳಿವೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಆರಂಭವಾದದ್ದು ಬಳ್ಳಾರಿಯನ್ನೂ ಒಳಗೊಂಡ ಕಲಬುರಗಿ ವಿಭಾಗದಲ್ಲಿಯೇ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. 2023ರ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಚಿಕಿತ್ಸೆಗೂ ಮರುಪರೀಕ್ಷೆಗೂ ತೆರಳುವ ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ರಿಯಾಯಿತಿ ಇದೆ. 2025ರಲ್ಲಿ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲು ಆರೈಕೆಯ ಕಿಮೊಥೆರಪಿ ಕೇಂದ್ರಗಳು ತೆರೆದವು. ಔಷಧಿ ಪಡೆದು ಅದೇ ದಿನ ಮನೆಗೆ ಮರಳುವುದು ಇವುಗಳಿಂದ ಸಾಧ್ಯವಾಗುತ್ತದೆ.

ತಂಬಾಕು ನಿಯಂತ್ರಣ

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಜಗಿಯುವ ರೂಪದ ಬಳಕೆಯು ಸೇದುವುದಕ್ಕಿಂತ ಹೆಚ್ಚಾಗಿತ್ತು. ರಾಜ್ಯವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕಿಕೊಳ್ಳುವುದನ್ನು ಅನೇಕರು ಚಟವೆಂದು ಭಾವಿಸುವುದೇ ಇಲ್ಲವಾದ್ದರಿಂದ, ತಪಾಸಣೆಯ ವೇಳೆ ಅದನ್ನು ಹೆಸರಿಟ್ಟು ಕೇಳಬೇಕಾಗುತ್ತದೆ. ತಂಬಾಕು ಬಿಡಲು ಬಯಸುವವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ.

ಚಿಕಿತ್ಸೆಯ ನಂತರದ ಆರೈಕೆ

ಚಿಕಿತ್ಸೆ ಪಡೆದು ಮರಳಿದವರ ದಿನನಿತ್ಯದ ತೊಂದರೆಗಳನ್ನು ಮೊದಲು ಕಾಣುವವರು ಊರಿನ ಆರೋಗ್ಯ ಸಿಬ್ಬಂದಿಯೇ. ಸ್ತನ ಶಸ್ತ್ರಚಿಕಿತ್ಸೆಯ ಬಳಿಕ ತೋಳು ಬಾವು ಬರಬಹುದು. ಬಾಯಿ ಕ್ಯಾನ್ಸರಿಗೆ ವಿಕಿರಣ ಪಡೆದವರಲ್ಲಿ ಬಾಯಿ ಒಣಗುವುದು, ದವಡೆ ಬಿಗಿಯುವುದು ಸಾಮಾನ್ಯ. ಅಂಥವರು ಹಲ್ಲು ಕೀಳಿಸುವ ಮೊದಲು ವಿಕಿರಣದ ವಿಷಯವನ್ನು ದಂತವೈದ್ಯರಿಗೆ ತಿಳಿಸಲೇಬೇಕು. ಕಿಮೊಥೆರಪಿಯ ಅವಧಿಯಲ್ಲಿ ಜ್ವರ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಟ್ಯಾಮೋಕ್ಸಿಫೆನ್ ಮಾತ್ರೆಯನ್ನು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸೇವಿಸಬೇಕಿದ್ದು, ಗುಣವಾಯಿತೆಂದು ನಡುವೆ ಬಿಡುವಂತಿಲ್ಲ.

ರೋಗ ಮರುಕಳಿಸೀತೆಂಬ ಭಯ, ಖಿನ್ನತೆ, ಕ್ಯಾನ್ಸರ್ ಅಂಟುರೋಗವೆಂಬ ತಪ್ಪು ತಿಳಿವಳಿಕೆಯಿಂದ ಹುಟ್ಟುವ ದೂರೀಕರಣ ಇವೂ ಆರೈಕೆಯ ವ್ಯಾಪ್ತಿಗೆ ಬರುತ್ತವೆ. ಗುಣವಾಗದ ಹಂತದಲ್ಲಿರುವವರಿಗೆ ನೋವು ಶಮನವೇ ಮುಖ್ಯ ಚಿಕಿತ್ಸೆ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಂದ ತಿದ್ದುಪಡಿಯು ವೈದ್ಯಕೀಯ ಬಳಕೆಯ ಮಾರ್ಫೀನ್ ಪೂರೈಕೆಯ ನಿಯಮಗಳನ್ನು ಸರಳಗೊಳಿಸಿತು.

ಸುಧಾರಣೆಯ ಮಾರ್ಗಗಳು

ಪರೀಕ್ಷೆಗೊಳಗಾದವರ ಸಂಖ್ಯೆಯಿಂದಷ್ಟೇ ಕಾರ್ಯಕ್ರಮದ ಯಶಸ್ಸನ್ನು ಅಳೆಯಲಾಗದು. ಸಂಶಯ ಕಂಡವರಲ್ಲಿ ಎಷ್ಟು ಮಂದಿಗೆ ಬಯಾಪ್ಸಿ ಆಯಿತು, ರೋಗ ಖಚಿತವಾದವರಲ್ಲಿ ಎಷ್ಟು ಮಂದಿ ಚಿಕಿತ್ಸೆ ಪೂರ್ಣಗೊಳಿಸಿದರು, ಎಷ್ಟು ಮಂದಿ ಮರುಪರೀಕ್ಷೆಗೆ ಬಂದರು ಎಂಬ ಲೆಕ್ಕ ಉಪಕೇಂದ್ರದಲ್ಲಿಯೇ ಇರಬೇಕು. ಮಹಿಳೆಯರ ಪರೀಕ್ಷೆಗೆ ಮರೆಯಿರುವ ಕೊಠಡಿ ಮತ್ತು ಮಹಿಳಾ ಸಿಬ್ಬಂದಿ, ಕೂಲಿಗೆ ತೊಂದರೆಯಾಗದ ಸಮಯ, ಸಿಬ್ಬಂದಿಗೆ ಮರುತರಬೇತಿ, ದೊಡ್ಡ ಆಸ್ಪತ್ರೆಯಿಂದ ಊರಿನ ವೈದ್ಯರಿಗೆ ಮುಂದಿನ ಆರೈಕೆಯ ವಿವರವುಳ್ಳ ಪತ್ರ, ಇವು ಹೆಚ್ಚಿನ ಯಂತ್ರೋಪಕರಣವಿಲ್ಲದೆಯೇ ಆಗಬಹುದಾದ ಸುಧಾರಣೆಗಳು.