ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದ: ನಾಶಿಕ ಮತ್ತು ಛತ್ರಪತಿ ಸಂಭಾಜಿನಗರ

ಇದು ಐರೋಪ್ಯ ಒಕ್ಕೂಟದಿಂದ ಹೊರಬಿದ್ದ ಬ್ರಿಟನ್ ಭಾರತದೊಂದಿಗೆ ಮಾಡಿಕೊಂಡ ಸಮಗ್ರ ಆರ್ಥಿಕ ಮತ್ತು ವ್ಯಾಪಾರ ಒಪ್ಪಂದ. ಒಕ್ಕೂಟದ ಸದಸ್ಯ ದೇಶ ತಾನೊಂದೇ ಇಂಥ ಒಪ್ಪಂದಕ್ಕೆ ಇಳಿಯುವಂತಿಲ್ಲ. 2020ರ ಕೊನೆಗೆ ಆ ಕಟ್ಟು ಬಿಚ್ಚಿತು. 2022ರ ಜನವರಿಯಲ್ಲಿ ಮಾತುಕತೆ ಶುರುವಾಯಿತು. ಆ ವರ್ಷದ ದೀಪಾವಳಿಯ ಹೊತ್ತಿಗೆ ಮುಗಿಸಬೇಕೆಂಬುದು ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ ಹಾಕಿಕೊಂಡ ಗಡುವು. ಸಹಿ ಬಿದ್ದದ್ದು 2025ರ ಜುಲೈ 24ರಂದು, ಕೀರ್ ಸ್ಟಾರ್ಮರ್ ಕಾಲದಲ್ಲಿ.

ಒಪ್ಪಂದದಂತೆ ಭಾರತದ ಶೇ. 99ರಷ್ಟು ಸರಕು ವರ್ಗಗಳಿಗೆ ಬ್ರಿಟನ್ ಸುಂಕ ಬಿಡುತ್ತದೆ. ಪ್ರತಿಯಾಗಿ ಭಾರತ ಸ್ಕಾಚ್ ವಿಸ್ಕಿಯ ಶೇ. 150ರ ಸುಂಕವನ್ನು ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸಲಿದೆ. ಕಾರುಗಳಿಗೆ ನಿಗದಿತ ಸಂಖ್ಯೆಯ ಮಿತಿಯಲ್ಲಿ ರಿಯಾಯಿತಿ ಉಂಟು.

ಮಹಾರಾಷ್ಟ್ರದ ನಾಶಿಕದಲ್ಲಿ ಈ ಒಪ್ಪಂದವನ್ನು ತೂಗಬೇಕಾದದ್ದು ದ್ರಾಕ್ಷಿಯ ಲೆಕ್ಕದಲ್ಲಿ. ಅಕ್ಟೋಬರ್ ಚಾಟನಿಯ (ಬಳ್ಳಿ ಕತ್ತರಿಸುವಿಕೆಯ) ನಂತರ ಜನವರಿಯಿಂದ ಏಪ್ರಿಲ್‌ವರೆಗೆ ಇಲ್ಲಿನ ಥಾಮ್ಸನ್ ಸೀಡ್‌ಲೆಸ್ ಯುರೋಪಿನತ್ತ ಹೊರಡುತ್ತದೆ. ಅದೇ ತಿಂಗಳುಗಳಲ್ಲಿ ದಕ್ಷಿಣ ಆಫ್ರಿಕ, ಚಿಲಿಗಳ ಹಣ್ಣೂ ಲಂಡನ್ನಿನ ಅಂಗಡಿಗಳಲ್ಲಿರುತ್ತದೆ. ಒಕ್ಕೂಟ ಬಿಡುವಾಗ ಬ್ರಿಟನ್ ಈ ಎರಡೂ ದೇಶಗಳೊಂದಿಗಿನ ಹಳೆಯ ಒಪ್ಪಂದಗಳನ್ನು ತನ್ನ ಹೆಸರಿಗೆ ಮುಂದುವರಿಸಿಕೊಂಡಿತು. ಭಾರತಕ್ಕೆ ಮುಂದುವರಿಸಲು ಒಪ್ಪಂದವೇ ಇರಲಿಲ್ಲ. ಹಾಗಾಗಿ ಶೂನ್ಯ ಸುಂಕವನ್ನು ಬಹುಮಾನವೆಂದು ಎಣಿಸುವುದಕ್ಕಿಂತ ಹಿಂದೆ ಬಿದ್ದಿದ್ದವನಿಗೆ ಸಿಕ್ಕ ಸರಿಸಮ ಜಾಗವೆಂದು ಎಣಿಸುವುದು ನ್ಯಾಯ.

ಸುಂಕಕ್ಕಿಂತ ಬೆಳೆಗಾರನನ್ನು ಹೆಚ್ಚು ಕಾಡಿದ್ದು ಔಷಧಿಯ ಉಳಿಕೆ. 2010ರಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಅಂಶ ಪತ್ತೆಯಾಗಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ಸಿಕ್ಕಿಹಾಕಿಕೊಂಡಿತು. ಕೃಷಿ ರಫ್ತನ್ನು ನೋಡಿಕೊಳ್ಳುವ ಅಪೇಡಾ ಸಂಸ್ಥೆಯ ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ತೋಟದ ನೋಂದಣಿಯಿಂದ ಪ್ರಯೋಗಾಲಯದ ವರದಿಯವರೆಗೆ ಎಲ್ಲಕ್ಕೂ ದಾಖಲೆ ಬೇಕು. ಈಗ ಉಳಿಕೆಯ ಮಿತಿಯನ್ನು ಬ್ರಿಟನ್ ತಾನೇ ಗೊತ್ತುಮಾಡುತ್ತದೆ, ಒಕ್ಕೂಟ ತಾನೇ. ಒಂದೇ ತೋಟದ ಹಣ್ಣು ಎರಡು ನಿಯಮಪುಸ್ತಕಗಳಿಗೆ ಹೊಂದಬೇಕು. ಒಪ್ಪಂದ ಈ ಕೆಲಸವನ್ನು ಕಡಿಮೆ ಮಾಡುವುದಿಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಗೆ ಹೆದರಿ ಹಡಗುಗಳು ಆಫ್ರಿಕವನ್ನು ಸುತ್ತಿ ಹೋಗತೊಡಗಿದಾಗ ಕೆಡುವ ಹಣ್ಣಿಗೆ ಬಿದ್ದ ಪೆಟ್ಟನ್ನೂ ಯಾವ ಸುಂಕ ರಿಯಾಯಿತಿಯೂ ತುಂಬಿಕೊಡಲಾರದು. ಬೆಳೆಯ ದೊಡ್ಡ ಪಾಲನ್ನು ಒಣದ್ರಾಕ್ಷಿ ಮಾಡುವ ವಿಜಯಪುರದವರಿಗೆ ಈ ತಲೆನೋವು ಕಡಿಮೆ, ಲಾಭವೂ ಕಡಿಮೆ.

ನಾಶಿಕದ ಇನ್ನೊಂದು ಸರಕಾದ ವೈನ್‌ಗೆ ಈ ಒಪ್ಪಂದದಿಂದ ಅಪಾಯವಿಲ್ಲ, ಬ್ರಿಟಿಷ್ ವೈನ್‌ಗೆ ಭಾರತ ರಿಯಾಯಿತಿ ಕೊಟ್ಟಿಲ್ಲ. ನಿಜವಾದ ಪೈಪೋಟಿ ಫ್ರಾನ್ಸ್, ಇಟಲಿಗಳದು. 2026ರ ಜನವರಿಯಲ್ಲಿ ಮಾತುಕತೆ ಮುಗಿದ ಭಾರತ–ಐರೋಪ್ಯ ಒಕ್ಕೂಟ ಒಪ್ಪಂದದಲ್ಲಿ ಅವುಗಳ ವೈನ್ ಸುಂಕ ಇಳಿಯಲಿದೆ.

2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರದ ಕಣ್ಣೂ ಬ್ರಿಟನ್ನಿಗಿಂತ ಒಕ್ಕೂಟದತ್ತಲೇ ಹೆಚ್ಚು. ಇಲ್ಲಿನ ವಾಳೂಜ್ ಕೈಗಾರಿಕಾ ಪ್ರದೇಶದ ವಾಹನ ಬಿಡಿಭಾಗ ತಯಾರಕರಿಗೆ ಬ್ರಿಟನ್ನಿನ ಸುಂಕ ವಿನಾಯಿತಿ ದಕ್ಕುತ್ತದೆ. ಆದರೆ ಇಲ್ಲಿ ನೆಲೆಯಾದ ಎಂಡ್ಯೂರೆನ್ಸ್ ಟೆಕ್ನಾಲಜೀಸ್‌ನ ಯುರೋಪಿನ ಘಟಕಗಳಿರುವುದು ಇಟಲಿ, ಜರ್ಮನಿಗಳಲ್ಲಿ. ಇಲ್ಲಿನದೇ ಶೇಂದ್ರಾ ಕೈಗಾರಿಕಾ ಪ್ರದೇಶದಲ್ಲಿ ಕಾರು ಜೋಡಿಸುವ ಸ್ಕೋಡಾ ಜೆಕ್ ದೇಶದ್ದು.